ಬಿಸಿಲು ಒಂದೇ, ನೆರಳು ಒಂದೇ ಅಲ್ಲ



ಕಳೆದ ಭಾನುವಾರ ಶ್ರೀರಾಂಪುರದಲ್ಲಿ ವರ್ಷಾವಾಸದ ಓದು ಮುಗಿದ ಮೇಲೆ ಹಿರಿಯ ಉಪಾಸಿಕೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಮೂವತ್ತು ವರ್ಷ ಬೀದಿ ಗುಡಿಸಿದವರು. ಈಗ ಒಂದು ಕಣ್ಣಿಗೆ ಪೊರೆ ಬಂದಿದೆ. "ಮೇಷ್ಟ್ರೇ, ಎದುರು ಮನೆಯವರು ಇದು ಹೋದ ಜನ್ಮದ ಕರ್ಮ ಅಂತಾರೆ. ಬಾಬಾಸಾಹೇಬರು ಅದನ್ನ ಒಪ್ಪಲ್ಲ ಅಂತ ನೀವು ಓದಿ ಹೇಳ್ತೀರಿ. ಹಂಗಾರೆ ನಂಗೇ ಯಾಕೆ ಬಂತು?" ಎಂದು ಕೇಳಿದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಸಿಕ್ಕಿದ್ದು ಕಪ್ಪೆಗಳ ಹತ್ತಿರ. ಸೆಪ್ಟೆಂಬರ್ 16 ಓಝೋನ್ ದಿನ. ಅವತ್ತು ಶಾಲೆಯ ಮಕ್ಕಳಿಗೆ ನಾಲ್ಕು ಮಾತು ಹೇಳಲು ಸ್ವಲ್ಪ ಓದಿಕೊಂಡಿದ್ದೆ.

ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಚಿಪ್ಪಿಲ್ಲ, ಲೋಳೆ ಮಾತ್ರ. ದೊಡ್ಡದಾದ ಮೇಲೂ ಅದರ ಚರ್ಮ ತೆಳು. ಆ ಚರ್ಮದಿಂದಲೇ ಅದು ಉಸಿರಾಡುತ್ತದೆ, ನೀರು ಹೀರುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಮೊಟ್ಟೆಯೊಳಗಿನ ಜೀವಕೋಶದ ಡಿಎನ್ಎಯನ್ನು ಕೆಡಿಸುತ್ತದೆ. ಅಮೆರಿಕದ ಆರೆಗಾನ್ ರಾಜ್ಯದ ಬೆಟ್ಟಗಳಲ್ಲಿ ಆಂಡ್ರ್ಯೂ ಬ್ಲಾಸ್ಟೀನ್ ಮತ್ತು ಸಂಗಡಿಗರು ಮೂರು ಜಾತಿಯ ಮೊಟ್ಟೆಗಳನ್ನು ಅವು ಇರುವ ನೀರಿನಲ್ಲೇ ಇಟ್ಟು ನೋಡಿದರು. ಕೆಲವಕ್ಕೆ ಆ ಕಿರಣ ತಡೆಯುವ ಹೊದಿಕೆ ಹಾಕಿದರು, ಕೆಲವನ್ನು ಬಿಸಿಲಿಗೆ ಬಿಟ್ಟರು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಒಂದು ಮರಗಪ್ಪೆಯ ಮೊಟ್ಟೆಗಳು ಎರಡೂ ಕಡೆ ಚೆನ್ನಾಗಿಯೇ ಬದುಕಿದವು. ಕೆಟ್ಟ ಡಿಎನ್ಎಯನ್ನು ರಿಪೇರಿ ಮಾಡುವ ಫೋಟೋಲಯೇಸ್ ಎಂಬ ಕಿಣ್ವ ಅದರಲ್ಲಿ ಹೆಚ್ಚಾಗಿತ್ತು. ಉಳಿದ ಎರಡು ಜಾತಿಗಳಲ್ಲಿ ಅದು ಕಡಿಮೆ. ಅವುಗಳ ಮೊಟ್ಟೆ ಹೊದಿಕೆಯ ಕೆಳಗೆ ಹೆಚ್ಚು ಬದುಕಿದವು, ಬಯಲಿನಲ್ಲಿ ಹೆಚ್ಚು ಸತ್ತವು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. 2001ರಲ್ಲಿ ಅದೇ ಬೆಟ್ಟಗಳಿಂದ ಇನ್ನೊಂದು ಅಧ್ಯಯನ ಬಂತು. ಮಳೆ, ಹಿಮ ಕಡಿಮೆಯಾದ ವರ್ಷ ನೀರಿನ ಆಳ ಕಡಿಮೆ. ಆಳ ಕಡಿಮೆಯಾದರೆ ಮೊಟ್ಟೆಗೆ ತಾಗುವ ಕಿರಣ ಜಾಸ್ತಿ. ಕಿರಣ ತಾಗಿ ಸೋತ ಮೊಟ್ಟೆಗೆ ನೀರಿನಲ್ಲಿರುವ ಬೂಷ್ಟು ಹಿಡಿಯುತ್ತದೆ. ಹಾಗಾದರೆ ಮೊಟ್ಟೆಯನ್ನು ಕೊಂದದ್ದು ಯಾರು? ಬಿಸಿಲೋ, ಬೂಷ್ಟೋ, ಬಾರದ ಮಳೆಯೋ? ಒಂದರ ತಲೆಗೆ ಕಟ್ಟಲಾಗದು. ಇದು ಇದ್ದುದರಿಂದ ಅದು ಆಯಿತು ಎನ್ನುವ ಪಟಿಚ್ಚ ಸಮುಪ್ಪಾದ ಇದೇ ಅಲ್ಲವೇ?

ಈಗ ಯೋಚಿಸಿ. ಇನ್ನೂ ಹುಟ್ಟೇ ಇರದ ಆ ಮೊಟ್ಟೆ ಯಾವ ಪಾಪ ಮಾಡಿತ್ತು? ಹೊದಿಕೆಯ ಕೆಳಗಿದ್ದ ಮೊಟ್ಟೆ ಯಾವ ಪುಣ್ಯ ಮಾಡಿತ್ತು? ಬಿಸಿಲು ಎರಡಕ್ಕೂ ಒಂದೇ. ನೆರಳು ಒಂದೇ ಆಗಿರಲಿಲ್ಲ.

ಸೀವಕನೆಂಬ ಪರಿವ್ರಾಜಕ ಇದೇ ಪ್ರಶ್ನೆಯನ್ನು ಬುದ್ಧರಿಗೆ ಕೇಳಿದ್ದು ಸಂಯುತ್ತ ನಿಕಾಯದಲ್ಲಿದೆ. ನೋವಿಗೆ ಬುದ್ಧರು ಎಂಟು ಕಾರಣ ಹೇಳುತ್ತಾರೆ. ಪಿತ್ತ, ಕಫ, ವಾತ ಅದರಲ್ಲಿವೆ. ಋತುವಿನ ವ್ಯತ್ಯಾಸವೂ ಇದೆ. ಕರ್ಮ ಎಂಟರಲ್ಲಿ ಒಂದು ಮಾತ್ರ. ಎಲ್ಲವನ್ನೂ ಹಿಂದಿನದರ ಮೇಲೆ ಹೊರಿಸುವವರು ತಪ್ಪು ಹೇಳುತ್ತಾರೆ ಎಂಬುದು ಅವರ ನಿಲುವು. ಬಾಬಾಸಾಹೇಬರು ಇನ್ನೂ ಮುಂದೆ ಹೋದರು. 1957ರಲ್ಲಿ ಪ್ರಕಟವಾದ ಅವರ ಧಮ್ಮಗ್ರಂಥ ಹೋದ ಜನ್ಮದ ಕರ್ಮ ಈ ಜನ್ಮವನ್ನು ಕಟ್ಟಿಹಾಕುತ್ತದೆ ಎಂಬ ಮಾತನ್ನೇ ತಳ್ಳಿಹಾಕುತ್ತದೆ. ಆ ಮಾತು ಒಪ್ಪಿದರೆ ಬಡವನ ಬಡತನಕ್ಕೆ ಬಡವನೇ ಹೊಣೆ, ಸಮಾಜ ಕೈ ತೊಳೆದುಕೊಳ್ಳಬಹುದು.

ನಮ್ಮವರನ್ನು ಕಪ್ಪೆಗೆ ಹೋಲಿಸುತ್ತೀರಾ ಎಂದು ಯಾರಿಗಾದರೂ ನೋವಾಗಬಹುದು. ಆ ನೋವು ನನಗೂ ಗೊತ್ತು. 1927ರಲ್ಲಿ ಮಹಾಡಿನ ಚೌದಾರ್ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. ಕಪ್ಪೆ ಈಜಿದರೆ ಆಗದ ಮೈಲಿಗೆ ಮನುಷ್ಯನ ಬೊಗಸೆ ತಾಗಿದರೆ ಆಗುತ್ತಿತ್ತು. ಆದರೆ ಅದು ಕಪ್ಪೆಯ ತಪ್ಪಲ್ಲ. ದೀಕ್ಷೆಯ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಕಾಪಾಡುವೆನೆಂಬ ಮಾತೂ ಇದೆ. ಭಿಕ್ಕುಗಳು ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ವರ್ಷಾವಾಸ ಶುರುವಾದದ್ದೂ ಎಳೆ ಹುಲ್ಲು, ಸಣ್ಣ ಜೀವಿಗಳು ಕಾಲಡಿ ಸಿಗದಿರಲಿ ಎಂದೇ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಅಲ್ಲಿದ್ದ ಕಪ್ಪೆಗಳನ್ನು ಯಾರೂ ಕೇಳಲಿಲ್ಲ, ಕೊಳೆಗೇರಿ ಎಬ್ಬಿಸುವಾಗ ನಮ್ಮನ್ನು ಕೇಳದ ಹಾಗೆ.

ಕಾರಣ ಗೊತ್ತಾದರೆ ನಿರೋಧವೂ ಸಾಧ್ಯ. ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಕ್ಲೋರೋಫ್ಲೋರೋಕಾರ್ಬನ್ ಅನಿಲ ಓಝೋನ್ ಪದರವನ್ನು ತಿನ್ನಬಲ್ಲದು ಎಂದು 1974ರಲ್ಲಿ ಮೊಲೀನಾ ಮತ್ತು ರೋಲೆಂಡ್ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ರಂಧ್ರದ ಸುದ್ದಿ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಪೂಜೆ, ಹೋಮ ಯಾವುದೂ ಇಲ್ಲದೆ, ಕಾರಣವನ್ನು ಕೈಬಿಟ್ಟದ್ದರಿಂದ ಆ ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ದುಃಖ, ಕಾರಣ, ನಿರೋಧ, ಮಾರ್ಗ ನಾಲ್ಕೂ ಇದರಲ್ಲಿವೆ.

ಆ ಅಮ್ಮನಿಗೆ ನಿನ್ನೆ ಹೋಗಿ ಹೇಳಿದೆ. "ಅಮ್ಮ, ಕಣ್ಣಿನ ಪೊರೆಗೆ ವಯಸ್ಸು ಒಂದು ಕಾರಣ, ಸಕ್ಕರೆ ಕಾಯಿಲೆ ಇದ್ದರೆ ಅದೂ ಒಂದು, ವರ್ಷಗಟ್ಟಲೆ ಬಿಸಿಲೂ ಒಂದು. ನಿಮ್ಮದಕ್ಕೆ ಯಾವುದು ಎಷ್ಟು ಅಂತ ನಾನು ಹೇಳಲಾರೆ. ಹೋದ ಜನ್ಮ ಮಾತ್ರ ಅಲ್ಲ. ಮೂವತ್ತು ವರ್ಷ ನಿಮಗೆ ಒಂದು ಟೋಪಿ, ಒಂದು ಕನ್ನಡಕ, ಕೂರಲು ಒಂದಿಷ್ಟು ನೆರಳು ಕೊಡಬೇಕಿತ್ತು. ಕೊಡಲಿಲ್ಲ. ಅದು ಕೊಡದವರ ಕರ್ಮ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಈಗ ಗುಡಿಸೋ ಹುಡುಗೀರಿಗಾದ್ರೂ ಕೊಡಿಸಿ ಮೇಷ್ಟ್ರೇ" ಎಂದರು.

ಶನಿವಾರ ಅವರ ಜೊತೆ ಮಿಂಟೋ ಕಣ್ಣಾಸ್ಪತ್ರೆಗೆ ಹೋಗುತ್ತಿದ್ದೇನೆ. ಭಾನುವಾರ ವಂದನೆ ಆದ ಮೇಲೆ ಅವರ ಎರಡನೇ ಮಾತಿನ ಬಗ್ಗೆ ಕೂತು ಮಾತಾಡೋಣ, ತಪ್ಪದೆ ಬನ್ನಿ.

ಇಂದಿನ ಚಿಂತನೆ: ಯಾರದಾದರೂ ಕಷ್ಟ ಕಂಡಾಗ ಅವರ ಹಣೆಬರಹ ಓದಲು ಹೋಗದೆ, ತಲೆಯ ಮೇಲೆ ನೆರಳಿದೆಯೇ ಎಂದು ನೋಡೋಣ.

ಭವತು ಸಬ್ಬ ಮಂಗಲಂ. ಜೈಭೀಮ್.