ಹಿಟ್ಟಿನ ಗೆರೆ

1945ರ ಮಾರ್ಚ್ 13. ಬೆಲ್ಜಿಯಂ ಗಡಿಗೆ ಅಂಟಿಕೊಂಡ ಈಡೆ ಎಂಬ ಡಚ್ ಹಳ್ಳಿ. ಗಡಿ ಎಲ್ಲಿದೆಯೆಂದು ಕಾಣಲಿ ಅಂತ ರಸ್ತೆಗಡ್ಡಲಾಗಿ ಹಿಟ್ಟು ಉದುರಿಸಿ ಬಿಳಿ ಗೆರೆ ಎಳೆದಿದ್ದರು. ಅರವತ್ತನಾಲ್ಕರ ಹೆಂಗಸೊಬ್ಬರು ಕಾರಿನಿಂದಿಳಿದು, ನಡೆದೇ ಆ ಗೆರೆ ದಾಟಿದರು. ನೆದರ್ಲೆಂಡ್ಸ್ ರಾಣಿ ವಿಲ್ಹೆಲ್ಮಿನಾ ಹತ್ತಿರ ಹತ್ತಿರ ಐದು ವರ್ಷದ ಮೇಲೆ ತಮ್ಮ ನೆಲ ಮೆಟ್ಟಿದ್ದರು. ಅದೇ ಹೊತ್ತಿಗೆ, ಇನ್ನೂ ಜರ್ಮನ್ನರ ಹಿಡಿತದಲ್ಲಿದ್ದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜನ ಟುಲಿಪ್ ಗೆಡ್ಡೆ ಬೇಯಿಸಿ ತಿನ್ನುತ್ತಿದ್ದರು. ಹಿಟ್ಟು ಗೆರೆಗೆ ಸಿಕ್ಕಿತು, ಅವರ ರೊಟ್ಟಿಗೆ ಸಿಗಲಿಲ್ಲ.

1890ರಲ್ಲಿ ತಂದೆ ತೀರಿಕೊಂಡಾಗ ವಿಲ್ಹೆಲ್ಮಿನಾಗೆ ಹತ್ತೇ ವರ್ಷ. ಹದಿನೆಂಟು ತುಂಬುವವರೆಗೆ ತಾಯಿ ಎಮ್ಮಾ ರಾಜ್ಯಭಾರ ನೋಡಿಕೊಂಡರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ನುಗ್ಗಿದಾಗ ವಿಲ್ಹೆಲ್ಮಿನಾ ಬ್ರಿಟಿಷ್ ಯುದ್ಧನೌಕೆ ಹತ್ತಿ ಇಂಗ್ಲೆಂಡ್ ಸೇರಿದರು. ನಮ್ಮನ್ನು ಬಿಟ್ಟು ಓಡಿದಳು ಎಂದು ಎಷ್ಟೋ ಜನ ಅಂದುಕೊಂಡರು. ಆ ಸಿಟ್ಟನ್ನು ಇಳಿಸಿದ್ದು ರೇಡಿಯೊ. ಲಂಡನ್ನಿನಿಂದ ಬರುತ್ತಿದ್ದ ಅವರ ದನಿ ಕೇಳುವುದು ಊರಲ್ಲಿ ಅಪರಾಧ. 1943ರಲ್ಲಿ ಜರ್ಮನ್ನರು ರೇಡಿಯೊಗಳನ್ನೇ ಕಸಿದುಕೊಳ್ಳಲು ಹೊರಟರು. ಜನ ಬಚ್ಚಿಟ್ಟು ಕೇಳಿದರು.

ಇಷ್ಟಕ್ಕೇ ನಿಲ್ಲಿಸಿದರೆ ಕತೆ ಚೆನ್ನ. ಆದರೆ ಅವರು ಇಂಡೊನೇಷ್ಯಾಕ್ಕೂ ರಾಣಿಯೇ ಆಗಿದ್ದರು. ಯುದ್ಧ ಮುಗಿದ ಮೇಲೆ ಅಲ್ಲಿನವರೂ ಸರಿಸಮಾನರು, ಅವರ ಮನೆವಾರ್ತೆ ಅವರಿಗೇ ಎಂಬರ್ಥದ ಮಾತನ್ನು 1942ರ ಡಿಸೆಂಬರಿನಲ್ಲಿ ಇದೇ ರೇಡಿಯೊದಲ್ಲಿ ಆಡಿದ್ದರು. 1945ರ ಆಗಸ್ಟ್ 17ರಂದು ಇಂಡೊನೇಷ್ಯಾದವರು ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡರು. 1947ರ ಜುಲೈನಲ್ಲಿ ಡಚ್ ಸೈನ್ಯ ಜಾವಾ, ಸುಮಾತ್ರಾಗಳ ಮೇಲೆ ನುಗ್ಗಿತು. ಅದಕ್ಕಿಟ್ಟ ಹೆಸರು ‘ಪೊಲೀಸ್ ಕಾರ್ಯಾಚರಣೆ’.

ತೀರ್ಮಾನ ಸರ್ಕಾರದ್ದು, ಸಂವಿಧಾನಕ್ಕೆ ಕಟ್ಟುಬಿದ್ದ ರಾಣಿ ಏನು ಮಾಡಿಯಾರು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹಿಟ್ಲರನ ಜೊತೆ ರಾಜಿಗೆ ಮನಸ್ಸು ಮಾಡಿದ್ದ ಪ್ರಧಾನಿ ಡಿ ಗೇರ್ 1940ರಲ್ಲಿ ಲಂಡನ್ನಿನಲ್ಲಿ ಕುರ್ಚಿ ಬಿಟ್ಟಿದ್ದು ಈಕೆಯ ಹಟಕ್ಕೆ. ಪರರ ಬೂಟಿನ ಸದ್ದು ಏನೆಂದು ಬಲ್ಲವರು ಜಾವಾದ ವಿಷಯದಲ್ಲೂ ಅದೇ ಹಟ ಹಿಡಿಯಬಹುದಿತ್ತು.

1948ರ ಸೆಪ್ಟೆಂಬರಿನಲ್ಲಿ ಪಟ್ಟ ಬಿಟ್ಟು ಹೆಟ್ ಲೋ ಅರಮನೆ ಸೇರಿದರು. ಇಂಡೊನೇಷ್ಯಾವನ್ನು ಬಿಟ್ಟುಕೊಡುವ ಪತ್ರಕ್ಕೆ 1949ರ ಡಿಸೆಂಬರ್ 27ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಹಿ ಹಾಕಿದ್ದು ಮಗಳು ಯೂಲಿಯಾನಾ.