ಬಿಡುವ ಹೊತ್ತು

ಹನ್ನೆರಡು ಗುಳಿಯ ಟ್ರೇ. ಹೋದ ಭಾನುವಾರ ಅದರಿಂದ ಹೊರಬಂದದ್ದು ಹನ್ನೆರಡು ಟೊಪ್ಪಿಗೆ ಮಾತ್ರ. ಬಾಳೆಹಣ್ಣಿನ ಮಫಿನ್‌ಗಳ ತಲೆ ನನ್ನ ಕೈಗೆ ಬಂತು, ಮೈ ಗುಳಿಯಲ್ಲೇ ಉಳಿಯಿತು. ಚಾಕು ಹಾಕಿ ಎಬ್ಬಿದೆ. ಚೂರುಗಳ ಜೊತೆ ಟ್ರೇಯ ಕಪ್ಪು ಲೇಪವೂ ಗೀರುಗೀರಾಗಿ ಎದ್ದಿತು. ಮಗಳು ಟೊಪ್ಪಿಗೆಗಳನ್ನು ಬಟ್ಟಲಿಗೆ ಮುರಿದುಕೊಂಡು, "ಅಮ್ಮ, ಇದು ಮಫಿನ್ ಉಪ್ಪಿಟ್ಟು" ಅಂದಳು.

ತಪ್ಪು ಒಂದೆರಡಲ್ಲ. ಗುಳಿಗಳಿಗೆ ಬೆಣ್ಣೆ ಸವರಿದ್ದೆ. ಬೆಣ್ಣೆಯಲ್ಲಿ ಹೆಚ್ಚುಕಡಿಮೆ ಆರನೇ ಒಂದು ಪಾಲು ನೀರು, ಜೊತೆಗೆ ಒಂದಿಷ್ಟು ಹಾಲಿನಂಶ. ಬಿಸಿಗೆ ನೀರು ಆವಿಯಾಗುತ್ತದೆ, ಹಾಲಿನಂಶ ಕಂದಿ ಅಂಟಾಗುತ್ತದೆ. ಅವೆರಡನ್ನೂ ಕಳಚಿಕೊಂಡ ತುಪ್ಪ ಪಕ್ಕದ ಡಬ್ಬಿಯಲ್ಲೇ ಇತ್ತು. ರೆಸಿಪಿಯಲ್ಲಿ ಬರೆದದ್ದು ಬೆಣ್ಣೆ ಅಂತ, ಹಾಗಾಗಿ ಬೆಣ್ಣೆ! ಹಣ್ಣು ಬೇರೆ ಅತಿಯಾಗಿ ಕಳಿತಿತ್ತು, ಮೇಲೆ ಬೆಲ್ಲ ಸುರಿದಿದ್ದೆ. ಸಿಹಿ ಹೆಚ್ಚಿದಷ್ಟೂ ಅಂಚಿನಲ್ಲಿ ಪಾಕವಾಗಿ ಲೋಹವನ್ನು ಕಚ್ಚುತ್ತದೆ. ಇವೆಲ್ಲ ಕ್ಷಮಿಸಬಹುದಾದ ತಪ್ಪುಗಳು. ಓವನ್‌ನಿಂದ ತೆಗೆದ ಮರುಗಳಿಗೆಯೇ ಟ್ರೇಯನ್ನು ಬೋರಲು ಹಾಕಿ ಬಡಿದೆನಲ್ಲ, ಅದಕ್ಕೆ ಕ್ಷಮೆಯಿಲ್ಲ.

ದಾವಣಗೆರೆಯ ತವರಿನಲ್ಲಿ ಪಡ್ಡಿನ ಹಂಚು ಬೀಡಿನದು. ಏಳು ಗುಳಿ, ಒಲೆಯ ಮಸಿಗಿಂತ ಕಪ್ಪು. ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಹಬ್ಬದ ಮುಂಚೆ ಅವ್ವನಿಗೆ ನೆರವಾಗುವ ಹುರುಪಿನಲ್ಲಿ ಅದನ್ನು ಸ್ಟೀಲಿನ ನಾರು ಹಾಕಿ, ಪಾತ್ರೆ ಪುಡಿ ಹಾಕಿ, ಬೂದು ಬಣ್ಣ ಕಾಣುವವರೆಗೆ ಉಜ್ಜಿಟ್ಟೆ. ಮಾರನೇ ಬೆಳಿಗ್ಗೆ ಒಂದು ಪಡ್ಡೂ ಏಳಲಿಲ್ಲ. ಅವ್ವ ಬೈಯಲಿಲ್ಲ. "ಹಂಚು ಮತ್ತ ಪಳಗಬೇಕು" ಅಂದು ಎಣ್ಣೆಯ ಬಟ್ಟಲು ತಂದಳು. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರುವುದು, ಹೊಗೆಯಾಡುವವರೆಗೆ ಕಾಯಿಸುವುದು, ಆರಿಸುವುದು, ಮತ್ತೆ ಸವರುವುದು. ಮೊದಲೆರಡು ದಿನದ ಪಡ್ಡು ದನಕ್ಕೆ ಹೋದವು.

ಹೋರಿ ಪಳಗುತ್ತದೆ, ಕೈ ಪಳಗುತ್ತದೆ, ಹಂಚೂ ಪಳಗುತ್ತದೆ. ನಮ್ಮ ಮಾತಿನಲ್ಲಿ ಮೂರಕ್ಕೂ ಒಂದೇ ಕ್ರಿಯಾಪದ. ಕಾದ ಬೀಡಿನ ಮೇಲೆ ಎಣ್ಣೆ ತೆಳ್ಳಗೆ ನಿಂತು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ, ಕಣ್ಣಿಗೆ ಕಾಣದ ಕುಳಿಗಳನ್ನು ಮುಚ್ಚುತ್ತವೆ ಎಂಬುದನ್ನು ನಾನು ಓದಿದ್ದು ಬಹಳ ತಡವಾಗಿ. ಅಂದು ನಾನು ಕೊಳೆ ಅಂದುಕೊಂಡು ತೊಳೆದದ್ದು ಅವ್ವನ ಎಷ್ಟೋ ವರ್ಷಗಳ ಬೆಳಗುಗಳನ್ನು.

ನನ್ನ ಟ್ರೇ ಪಳಗಿಯೇ ಅಂಗಡಿಗೆ ಬಂದದ್ದು. ಅದರ ಲೇಪದ ಹುಟ್ಟೇ ತಮಾಷೆಯದು. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್, ಫ್ರಿಜ್ಜಿಗೆ ಬಳಸುವ ಹೊಸ ಅನಿಲಕ್ಕಾಗಿ ಪ್ರಯೋಗಕ್ಕೆ ಕೂತಿದ್ದರು. ಸಿಲಿಂಡರಿನ ತಿರುಪು ತೆರೆದರೆ ಅನಿಲ ಬರಲಿಲ್ಲ, ತೂಕ ಮಾತ್ರ ಇದ್ದೇ ಇತ್ತು. ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ. ಅದೇ ಟೆಫ್ಲಾನ್. ಯಾವುದಕ್ಕೂ ಅಂಟದ ವಸ್ತು ಲೋಕಕ್ಕೆ ಸಿಕ್ಕಿದ್ದು ಡಬ್ಬಿಯೊಳಗೆ ಉಳಿದುಬಿಟ್ಟದ್ದರಿಂದ! ಅಂಟದ್ದನ್ನು ಬಾಣಲೆಗೆ ಅಂಟಿಸುವುದೇ ಮುಂದಿನ ಸಂಕಟ. ಅಲ್ಯುಮಿನಿಯಮ್ಮಿಗೆ ಅದು ಕಚ್ಚಿಕೊಳ್ಳುವಂತೆ ಮಾಡಿದ್ದು 1954ರಲ್ಲಿ, ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗುವಾರ್. ಅಡುಗೆ ಪಾತ್ರೆಗೆ ಹಚ್ಚಿ ನೋಡು ಎಂದು ಹಟ ಹಿಡಿದವರು ಅವರ ಹೆಂಡತಿ ಕೊಲೆಟ್.

ಆ ಟ್ರೇ ಕೊಂಡ ದಿನವೇ ಅತ್ಯುತ್ತಮ. ಆಮೇಲೆ ಪ್ರತಿ ಸಲವೂ ಒಂದಿಷ್ಟು ಸವೆಯುತ್ತದೆ. ಬೀಡಿನ ಹಂಚು ಕೊಂಡ ದಿನ ಕೆಲಸಕ್ಕೇ ಬಾರದು. ಹಾಗಂತ ಬೀಡನ್ನು ಹೊಗಳಿ ಮುಗಿಸಲಾರೆ; ಹನ್ನೆರಡು ಗುಳಿಯ ಬೀಡನ್ನು ಎತ್ತುವಷ್ಟು ರಟ್ಟೆ ನನಗಿಲ್ಲ. ಕಾಗದದ ಬಟ್ಟಲು ಹಾಕಿದರೂ ಆದೀತು. ಕರಾವಳಿಯವರು ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವುದೂ ಇದೇ ಜಾಣತನ. ಆದರೆ ಜಿಡ್ಡು ಕಡಿಮೆಯಾದರೆ ಮಫಿನ್ ಆ ಕಾಗದವನ್ನೂ ಬಿಡದು. ಆರೋಗ್ಯದ ಹೆಸರಲ್ಲಿ ಎಣ್ಣೆ ಇಳಿಸಿ, ಕಾಗದ ಸಮೇತ ತಿಂದವಳು ನಾನು.

ಭಾನುವಾರ ಸಂಜೆ ಅವ್ವನಿಗೆ ಫೋನ್ ಮಾಡಿದೆ. "ಅವಸರ ಮಾಡಬ್ಯಾಡವ್ವ, ಬಿಡೋ ಹೊತ್ತಿಗೆ ಅದು ಬಿಡತೈತಿ" ಅಂದಳು. ಅವ್ವ ಮಫಿನ್ ಕಂಡವಳಲ್ಲ. ಪಡ್ಡಿನ ಕೆಳಮೈ ಬೆಂದಾಗ ಚುಂಯ್ ಸದ್ದು ಇಳಿಯುತ್ತದೆ, ಅಂಚು ಕೆಂಪಾಗುತ್ತದೆ, ಕಡ್ಡಿ ತಾಕಿಸಿದರೆ ಸಾಕು, ತಾನೇ ಹೊರಳುತ್ತದೆ. "ಪಡ್ಡು ಬಿಡ್ತು" ಅನ್ನುತ್ತಾಳೆ ಅವಳು. "ಮಫಿನ್ ಬಿಡಿಸಿದೆ" ಅನ್ನುವುದು ನಾನು. ಮಗಳಿಗೆ ಲೆಕ್ಕ ಹೇಳಿಕೊಡುವಾಗಲೂ ನನ್ನದು 'ಬಿಡಿಸು'ವ ಬುದ್ಧಿಯೇ. ಅವಳು ಪೆನ್ಸಿಲ್ ಕಚ್ಚುತ್ತಾ ಕೂತರೆ ಎರಡು ನಿಮಿಷ ತಡೆಯಲಾರದೆ ಉತ್ತರ ಹೇಳಿಬಿಡುತ್ತೇನೆ. ಅರ್ಧ ತಲೆಗೆ ಹೋಗುತ್ತದೆ, ಅರ್ಧ ಅಲ್ಲೇ ಉಳಿಯುತ್ತದೆ.

ಓವನ್‌ನಿಂದ ಬಂದ ಮಫಿನ್ನಿನ ಮೈ ಇನ್ನೂ ಗಟ್ಟಿಯಾಗಿರುವುದಿಲ್ಲ. ಐದರಿಂದ ಹತ್ತು ನಿಮಿಷ ಬಿಟ್ಟರೆ ಕುಗ್ಗಿ ಗೋಡೆಯಿಂದ ತುಸು ಸರಿಯುತ್ತದೆ. ತೀರಾ ಬಿಟ್ಟರೆ ಆವಿ ಗುಳಿಯಲ್ಲೇ ನೀರಾಗಿ ತಳ ಒದ್ದೆಯಾಗುತ್ತದೆ. ಕಾಯುವುದಕ್ಕೂ ಅಳತೆ ಉಂಟು.

ಈ ಭಾನುವಾರ ತುಪ್ಪ ಸವರಿ, ಮೇಲೆ ಚಿಟಿಕೆ ಮೈದಾ ಉದುರಿಸಿ, ಟ್ರೇ ತೆಗೆದ ಮೇಲೆ ಎಂಟು ನಿಮಿಷ ಅಡುಗೆಮನೆಯಿಂದಾಚೆ ಹೋಗಿ ಕೂತೆ. ಹನ್ನೊಂದು ಇಡಿಯಾಗಿ ಬಂದವು. ಹನ್ನೆರಡನೆಯದು ಚಾಕುವಿನ ಗೀರು ಬಿದ್ದ ಗುಳಿಯದು. ಅದು ಬರಲಿಲ್ಲ.