ಭಾರ ಯಾರ ಹೆಗಲಿಗೆ?

ಹಬ್ಬಕ್ಕೆ ಊರಿಗೆ ಬಂದಾಗ ಎಲ್ಲರೂ ಕೇಳುತ್ತಾರೆ: "ಪುಣೆದಾಗ ದೊಡ್ಡ ಬಿಲ್ಡಿಂಗ್ ಕಟ್ಟಸ್ತಿ, ಸಾಹೇಬ ಆಗಿದಿ. ಮತ್ತ ಯಾಕ ಹಿಂಗ ಸೊರಗೀದಿ?"

ನಾನು ಪ್ರಾಜೆಕ್ಟ್ ಮ್ಯಾನೇಜರ್. ಇಟ್ಟಿಗೆ, ಮಣ್ಣು ಹೊರುವುದಿಲ್ಲ, ತಾರೀಖು ಹೊರುತ್ತೇನೆ. ಸಿಮೆಂಟು ತಡವಾಗಲಿ, ಮಳೆ ಬರಲಿ, ಊರಿಗೆ ಹೋದ ಕೂಲಿಯವರು ತಿರುಗಿ ಬಾರದಿರಲಿ, ಕೊಟ್ಟ ತಾರೀಖು ಸರಿಯುವುದಿಲ್ಲ. ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತದೆ.

ಇದಕ್ಕೆ ಒಬ್ಬ ದುಷ್ಟನನ್ನು ಹುಡುಕಿದರೆ ಸಿಗುವುದಿಲ್ಲ. ಮಾಲೀಕರಿಗೆ ಬ್ಯಾಂಕಿನ ಬಡ್ಡಿ. ಮನೆ ಬುಕ್ ಮಾಡಿದವರಿಗೆ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು. ಎಲ್ಲರ ಅವಸರವೂ ನಿಜವೇ. ನನ್ನ ಪ್ರಶ್ನೆ ಬೇರೆ: ನನ್ನ ಮೇಲೆ ಬಿದ್ದ ಒತ್ತಡವನ್ನು ನಾನು ಎಲ್ಲಿಯವರೆಗೆ ಕೆಳಗಿನವರಿಗೆ ದಾಟಿಸಬಹುದು?

ಹೋದ ಬೇಸಿಗೆಯಲ್ಲಿ ಒಂದು ಹಾಲಿನ ಸ್ಲ್ಯಾಬ್ ಹಾಕಿ ಎಂಟು ದಿನವಾಗಿತ್ತು. ಗೋಡೆಯಿಂದ ಗೋಡೆಗೆ 5 ಮೀಟರ್. ಈ ಅಂತರ 4.5 ಮೀಟರ್ ದಾಟಿದರೆ, ಸಾಮಾನ್ಯ ಸಿಮೆಂಟಿನ ಸ್ಲ್ಯಾಬಿಗೆ ಕೊಟ್ಟ ಕಂಬಗಳನ್ನು 14 ದಿನ ತೆಗೆಯಬಾರದೆಂದು ಐಎಸ್ 456 ಹೇಳುತ್ತದೆ. ಕಾಂಕ್ರೀಟು ಮುಟ್ಟಿ ನೋಡಿದರೆ ಮರುದಿನವೇ ಗಟ್ಟಿ. ಅದರ ಬಲವನ್ನು ಲೆಕ್ಕಕ್ಕೆ ಹಿಡಿಯುವುದು 28ನೇ ದಿನ. ಇದೆಲ್ಲ ಗೊತ್ತಿದ್ದೂ, ಫೋನಿನಲ್ಲಿ ಬೈಸಿಕೊಂಡ ಸಿಟ್ಟಿನಲ್ಲಿ ಸೆಂಟ್ರಿಂಗ್ ಮುಕಾದಮರ ಮೇಲೆ ಕೂಗಾಡಿದೆ: "ನಾಳೆ ಬಿಚ್ರಿ!"

ಅವರು ಜತ್ ಕಡೆಯವರು, ನನಗಿಂತ ಹಿರಿಯರು. ಸಿಟ್ಟಾಗಲಿಲ್ಲ. "ಬಿಚ್ಚತೀವ್ರಿ ಸಾಹೇಬ್ರ, ನಮಗೂ ಪಗಾರ ಬೇಕು. ಬಿಚ್ಚೂ ಮುಂದ ನೀವೂ ಬಂದು ಕೆಳಗ ನಿಂದ್ರರಿ, ಸಾಕು" ಅಂದರು.

ನಾನು ನಿಲ್ಲಲಾರೆ ಎಂದು ಆಗಲೇ ತಿಳಿಯಿತು. ನಾನು ನಿಲ್ಲಲಾರದ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಲು ಹೊರಟಿದ್ದೆ.

ಕಂಬಗಳು 14 ದಿನ ನಿಂತವು. ಬಿಲ್ಲು ತಡವಾಯಿತು, ನನ್ನ ಬೋನಸ್ ಹೋಯಿತು, ಮನೆಯಲ್ಲಿ ಮಾತೂ ಆಯಿತು. ಒತ್ತಡ ಕಡಿಮೆಯಾಯಿತೆಂದು ಸುಳ್ಳು ಹೇಳಲಾರೆ.

ಅಂದಿನಿಂದ ನನ್ನದೊಂದು ಲೆಕ್ಕ. ಅವಸರವನ್ನು ಹಂಚಿಕೊಳ್ಳಬಹುದು, ಇನ್ನೆರಡು ತಾಸು ದುಡಿಯಿರಿ, ಹೆಚ್ಚಿನ ಕೂಲಿ ಕೊಡುತ್ತೇನೆ ಎಂದು ಕೇಳಬಹುದು. ಆದರೆ 'ಆಗೂದಿಲ್ಲ' ಅನ್ನಲಾರದವನ ಮೇಲೆ ಅಪಾಯವನ್ನು ದಾಟಿಸಬಾರದು. ನಾನು 'ಆಗೂದಿಲ್ಲ' ಅಂದರೆ ಬೋನಸ್ ಹೋಗುತ್ತದೆ. ಸೆಂಟ್ರಿಂಗ್ ಕೆಲಸಕ್ಕೆ ಬಂದ ನಮ್ಮೂರ ಹುಡುಗ ಅಂದರೆ ಅವನ ಅಂದಿನ ಕೂಲಿಯೇ ಹೋಗುತ್ತದೆ. ಹಾಗಾದರೆ ಆ ಮಾತು ಆಡಬೇಕಾದವರು ಯಾರು?

ಅವನಿಗಿಂತ ನನಗೆ ಹೆಚ್ಚು ಪಗಾರ ಕೊಡುವುದು, ಬಹುಶಃ, ಆ ಒಂದು ಮಾತು ಆಡಲಿಕ್ಕೇ.